ನಲವತ್ತೈದು ದಾಟಿದ ಮೇಲೆ ಕಸಿ ಕಟ್ಟೋದು ಕಲಿಯಬಹುದಾ?

ಹುಲಿಕಲ್ ಘಾಟಿ:
ಹೊಸನಗರದ ಹತ್ತಿರ ನಮ್ಮ ತೋಟ. ಹೊಳೆ ದಂಡೆಯಲ್ಲಿ ಹಳೇ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಮಿಡಿ ಮಾವು) ಮರ ಒಂದಿದೆ. ಮಿಡಿಯ ತೊಟ್ಟು ಮುರಿದರೆ ಜೀರಿಗೆ ಪರಿಮಳ. ಪ್ರತಿ ಮಳೆಗಾಲ ಅದರ ಬುಡದ ಮಣ್ಣು ಕುಸಿಯುತ್ತಿದೆ. ಗೊರಟು ಹಾಕಿ ಎಬ್ಬಿಸಿದ ಗಿಡಕ್ಕೆ ಅದೇ ಪರಿಮಳ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಹಾಗಾಗಿ ಕಸಿಯೇ ಆಗಬೇಕು. ವಿಡಿಯೋ ಬೇಕಾದಷ್ಟು ನೋಡಿದ್ದೇನೆ. ಚಿಕ್ಕಪ್ಪ ಮಾತ್ರ "ಇದೆಲ್ಲ ಎಳೇ ವಯಸ್ಸಲ್ಲೇ ಕೈಗೆ ಹತ್ತಬೇಕು, ಈಗ ಸುಮ್ನೆ ಕಡ್ಡಿ ಹಾಳು" ಅನ್ನುತ್ತಾರೆ. ಬಲ್ಲವರು ಏನು ಹೇಳುತ್ತೀರಿ?

ತುಂಗಾ ತೀರ:
ಚಿಕ್ಕಪ್ಪ ಹೇಳಿದ್ದರಲ್ಲಿ ಅರ್ಥ ಇದೆ. ಯಾವ ವಿದ್ಯೆಗಾದರೂ 10,000 ಗಂಟೆ ಬೇಕಂತೆ. ದಿನಕ್ಕೆ ಒಂದು ಗಂಟೆ ಹಿಡಿದರೂ 27 ವರ್ಷ. ಲೆಕ್ಕ ಹಾಕಿಕೊಳ್ಳಿ ಮಾರಾಯ್ರೇ.

ಗಾಂಧಿಬಜಾರ್ ಮೇಷ್ಟ್ರು:
ಆ 10,000 ಎಲ್ಲಿಂದ ಬಂತು ಅಂತ ನೋಡಬೇಕು. 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಬರ್ಲಿನ್ನಿನ ಸಂಗೀತ ಶಾಲೆಯ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಬರೆದರು. ಅಲ್ಲಿನ ಅತಿ ಒಳ್ಳೆಯ ಗುಂಪಿನವರು 20 ವರ್ಷ ತುಂಬುವ ಹೊತ್ತಿಗೆ ಒಬ್ಬೊಬ್ಬರೇ ಕೂತು ಮಾಡಿದ ಅಭ್ಯಾಸದ ಸರಾಸರಿ ಅದು. ಸರಾಸರಿ ಅಂದಮೇಲೆ ಅದಕ್ಕಿಂತ ಕಮ್ಮಿ ಮಾಡಿದವರೂ ಅದೇ ಗುಂಪಲ್ಲಿ ಇದ್ದರು. ಇವರು ಕಟ್ಟಬೇಕಾಗಿರೋದು ಮಾವಿನ ಕಸಿ, ಕಛೇರಿ ಕೊಡೋದಲ್ಲ.

ಕರಡದ ಕೊಟ್ಟೆ:
ವಯಸ್ಸಿನ ಮಾತು ನನಗೆ ಹಿಡಿಸುವುದಿಲ್ಲ. ಹಿಂದೆ ನಮ್ಮ ಕಡೆ ಕೊಳೆರೋಗಕ್ಕೆ ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕರಡದ ಕೊಟ್ಟೆ, ಅಂದರೆ ಒಣಹುಲ್ಲಿನ ಹೊದಿಕೆ, ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆನಡಾದ ಕೋಲ್ಮನ್ ಬಂದರು. ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಹೊಡೆಯಿರಿ ಅಂದರು. ಅದನ್ನು ಕಲಿತವರೇನು ಶಾಲೆ ಮಕ್ಕಳಾ? ಜನ್ಮವೆಲ್ಲ ಕೊಟ್ಟೆ ಕಟ್ಟಿದ ಕೈಗಳೇ ಮೈಲುತುತ್ತ, ಸುಣ್ಣ ಕಲಸೋದು ಕಲಿತವು.

ಆದರೆ ಮಾಡ್ತಾ ಮಾಡ್ತಾ ತಾನೇ ಬರುತ್ತೆ ಅನ್ನೋರನ್ನೂ ನಾನು ನಂಬಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದು ಎಲ್ಲರಿಗೂ ಬಾಯಿಪಾಠ. ಸುಣ್ಣ ಹಳೇದಾಗಿ ಸತ್ವ ಹೋಗಿದ್ದರೆ? ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ. ಹಾಗೇ ಹೊಡೆದರೆ ಎಳೇ ಕಾಯಿ, ಎಲೆ ಸುಡುತ್ತೆ. ನಮ್ಮ ಪಕ್ಕದ ತೋಟದವರು ತಲೆ ನೆರೆಯುವವರೆಗೂ ಬೋರ್ಡೋ ಹೊಡೆದರು, ಒಂದು ಸಲವೂ ಚಾಕು ಅದ್ದಲಿಲ್ಲ. ಅದನ್ನು ಅನುಭವ ಅಂತೀರಾ?

ತುಂಗಾ ತೀರ:
ಚಾಕು ಪರೀಕ್ಷೆ ಬೋರ್ಡೋಗೆ ಸರಿ, ನಿಮಿಷದಲ್ಲಿ ಗೊತ್ತಾಗುತ್ತೆ. ಕಸಿಯಲ್ಲಿ ಕಟ್ಟಿದ್ದು ಹತ್ತಿತಾ ಇಲ್ಲವಾ ಅಂತ ತಿಳಿಯೋಕೆ ಮೂರು ವಾರ ಕಾಯಬೇಕು. ಒಣಗಿದ ಮೇಲೆ ಯಾವುದು ತಪ್ಪಾಯ್ತು ಅಂತ ಯಾರಿಗೆ ಗೊತ್ತು? ಕಡ್ಡಿಯೋ, ಕೊಯ್ತವೋ, ಮಳೆಯೋ?

ರಿಪ್ಪನ್‌ಪೇಟೆ ನರ್ಸರಿ:
ಕೇಳಬೇಕಾದ ಪ್ರಶ್ನೆ ಇದು ಅಣ್ಣ. ಉತ್ತರ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮಲ್ಲಿಗೆ ಕೆಲಸಕ್ಕೆ ಬರುವ ಹೊಸ ಹೆಣ್ಣುಮಕ್ಕಳಿಗೆ ಮೊದಲೇ ಗಿಡ ಕೊಡಲ್ಲ. ಮಾವಿನ ಬೇಡದ ಕಡ್ಡಿ ಒಂದು ಕಟ್ಟು, ಒಂದು ಚಾಕು. ಕೂತು ಬೆಣೆ ಕೆತ್ತಬೇಕು. ಕಡ್ಡಿಯ ತುದಿಯನ್ನು ಎರಡೂ ಕಡೆ ಓರೆಯಾಗಿ, ಒಂದೊಂದೇ ಎಳೆತದಲ್ಲಿ ಕೊಯ್ಯಬೇಕು. ಪೆನ್ಸಿಲ್ ಕೆತ್ತಿದ ಹಾಗೆ ಚೂರು ಚೂರು ತೆಗೆದರೆ ಕೊಯ್ದ ಮುಖ ಏರುತಗ್ಗಾಗುತ್ತೆ. ಅದನ್ನು ಬುಡದ ಗಿಡದ, ಅಂದರೆ ಕೆಳಗೆ ಬೇರಿರುವ ಗೊರಟಿನ ಗಿಡದ, ಸೀಳಿಗೆ ಇಳಿಸಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ ಕೊಯ್ತ ಸರಿ ಇಲ್ಲ. ಇದಕ್ಕೆ ಮೂರು ವಾರ ಕಾಯಬೇಕಾಗಿಲ್ಲ, ಆಗಲೇ ಗೊತ್ತಾಗುತ್ತೆ. ಕೈ ಪಳಗೋದು ಇಲ್ಲೇ.

ಕೊಯ್ತ ಸರಿಯಾದ ಮೇಲೆ ತೊಗಟೆಗೆ ತೊಗಟೆ ಕೂರಿಸೋದು. ಕಡ್ಡಿ ಸಣ್ಣ, ಬುಡ ದಪ್ಪ ಆದರೆ ಮಧ್ಯಕ್ಕೆ ಇಡಬೇಡಿ, ಒಂದು ಪಕ್ಕಕ್ಕೆ ಸರಿಸಿ ಅಲ್ಲಿ ತೊಗಟೆ ಕೂಡಿಸಿ. ತೊಗಟೆಯ ಒಳಗಿನ ತೆಳು ಹಸಿರು ಪದರ ಎರಡೂ ಕಡೆಯದು ಮುಟ್ಟಿದರೆ ಮಾತ್ರ ಹತ್ತುತ್ತೆ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೆ ಐಸ್ ಕ್ಯಾಂಡಿ ಕವರ್ ತೊಡಿಸಿ ನೆರಳಲ್ಲಿಡಿ. ಒಣಗಿದ್ದನ್ನು ಎಸೆಯಬೇಡಿ, ಬಿಚ್ಚಿ ನೋಡಿ. ಕೊಯ್ದ ಜಾಗ ಕಪ್ಪಾಗಿ ಕೊಳೆತಿದ್ದರೆ ಒಳಗೆ ನೀರು ಇಳಿದಿರಬಹುದು. ಬೆಣೆ ಹಾಗೇ ಒಣಗಿ ಸಡಿಲವಾಗಿದ್ದರೆ ಕಟ್ಟು ಬಿಗಿಯಾಗಿರಲಿಲ್ಲ, ಇಲ್ಲಾ ಪದರ ಕೂಡಿರಲಿಲ್ಲ.

ಗಾಂಧಿಬಜಾರ್ ಮೇಷ್ಟ್ರು:
ಅಕ್ಕ ಹೇಳಿದ ಮೇಲೆ ನನ್ನದೇನೂ ಇಲ್ಲ, ಆದರೂ ವಿಡಿಯೋ ಬಗ್ಗೆ ಒಂದು ಮಾತು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳಿಗೆ ಪಾಠ ಓದಿಸಿ ಪರೀಕ್ಷೆ ಮಾಡಿದರು. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ವಾರ ಕಳೆದ ಮೇಲೆ ನೋಡಿದರೆ, ಪಾಠ ಮುಚ್ಚಿಟ್ಟು ನೆನಪಿಂದ ಬರೆದವರು ಮುಂದೆ. ಹಾಗಾಗಿ ವಿಡಿಯೋ ಇನ್ನೊಂದು ಸಲ ನೋಡೋ ಬದಲು ಫೋನ್ ಪಕ್ಕಕ್ಕಿಟ್ಟು ಹಂತಗಳನ್ನು ಬರೆಯಿರಿ. ಎಲ್ಲಿ ಪೆನ್ ನಿಲ್ಲುತ್ತೋ ಅಲ್ಲಿಂದ ನೋಡಿ.

ಕೊನೇ ಬಸ್ಸು:
ಎಲ್ಲರೂ ಪಾಠ ಮಾಡ್ತಾ ಇದ್ದೀರಿ, ಮರದ ಕಥೆ ಯಾರೂ ಕೇಳಲಿಲ್ಲ. ಬುಡ ಕುಸಿಯುತ್ತಿದೆ ಅಂತಿದ್ದಾರೆ. ಇವರ ಕೈ ಪಳಗೋವರೆಗೆ ಹೊಳೆ ಕಾಯುತ್ತಾ? ಎಲ್ಲವನ್ನೂ ನಾನೇ ಕಲಿತು ನಾನೇ ಮಾಡಬೇಕು ಅನ್ನೋದು ಈಗಿನ ಒಂದು ಹುಚ್ಚು. ಕಸುಬು ಗೊತ್ತಿರೋರಿಗೆ ದುಡ್ಡು ಕೊಟ್ಟು ಮಾಡಿಸಿ. ಅವರ ಹೊಟ್ಟೆಯೂ ತುಂಬುತ್ತೆ.

ಕರಡದ ಕೊಟ್ಟೆ:
ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು ಸಿಗದೆ ಅಡಿಕೆ ಮರದಲ್ಲೇ ಹಣ್ಣಾಗಿ ಉದುರೋದನ್ನು ನೋಡಿದ ಮೇಲೆ ನಮ್ಮೂರಲ್ಲಿ ಎಷ್ಟೋ ಜನ ದೋಟಿ (ಉದ್ದದ ಕೋಲು) ಹಿಡಿದು ಕೊಯ್ಯೋದು ಕಲಿತರು. ದುಡ್ಡು ಕೊಡ್ತೀವಿ ಅಂದರೂ ಜನ ಬೇಕಲ್ಲ?

ಕೊನೇ ಬಸ್ಸು:
ಅದು ಬೇರೆ, ಇದು ಬೇರೆ. ಅಡಿಕೆ ಪ್ರತಿ ವರ್ಷ ಬರುತ್ತೆ. ಈ ಮರ ಬಿದ್ದರೆ ಮುಗೀತು.

ರಿಪ್ಪನ್‌ಪೇಟೆ ನರ್ಸರಿ:
ಬಸ್ಸಿನವರು ಹೇಳಿದ್ದು ಸರಿ, ನನಗೆ ಮೊದಲೇ ಹೊಳೆಯಬೇಕಿತ್ತು. ಹುಲಿಕಲ್ ಅಣ್ಣ, ಈ ವರ್ಷ ಆ ಮರದ ಕಡ್ಡಿ ನಮ್ಮಲ್ಲಿಗೆ ತನ್ನಿ, ಇಲ್ಲಾ ಇರುವಕ್ಕಿ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಪಳಗಿದ ಕೈ ಕಟ್ಟಲಿ. ಪಕ್ಕದಲ್ಲೇ ಕೂತು ನೀವು ಕಾಟು ಮಾವಿನ ಕಡ್ಡಿಯಲ್ಲಿ ಕಟ್ಟಿ. ಹಾಳಾದರೂ ನಷ್ಟವಿಲ್ಲ.

ಹುಲಿಕಲ್ ಘಾಟಿ:
ಇದು ಒಪ್ಪಿಗೆ ಆಯ್ತು ಅಕ್ಕ. ಬುಡದ ಗಿಡಕ್ಕೆ ಕಾಟು ಮಾವಿನ ಗೊರಟು ಆಗುತ್ತಾ? ಕಡ್ಡಿ ಹೇಗಿರಬೇಕು?

ರಿಪ್ಪನ್‌ಪೇಟೆ ನರ್ಸರಿ:
ಧಾರಾಳ ಆಗುತ್ತೆ. ಹಣ್ಣು ತಿಂದ ಗೊರಟನ್ನು ಬೇಗ ಮಣ್ಣಿಗೆ ಹಾಕಿ, ತಿಂಗಳುಗಟ್ಟಲೆ ಇಟ್ಟರೆ ಹುಟ್ಟಲ್ಲ. ಕಡ್ಡಿ ಮೂರು ನಾಲ್ಕು ತಿಂಗಳು ಬಲಿತದ್ದು, ಪೆನ್ಸಿಲ್ ದಪ್ಪ ಇರಲಿ. ಕೊಯ್ಯುವ ಒಂದು ವಾರ, ಹತ್ತು ದಿನ ಮೊದಲು ಮರದಲ್ಲೇ ಅದರ ಎಲೆ ಕತ್ತರಿಸಿ, ತೊಟ್ಟು ಮಾತ್ರ ಬಿಡಿ. ತೊಟ್ಟು ಉದುರಿ ತುದಿಯ ಮೊಗ್ಗು ಉಬ್ಬಿದಾಗ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಅವತ್ತೇ ತನ್ನಿ. ಭಾನುವಾರ ಬರಬೇಡಿ, ರಜೆ.