ಕರಾವಳಿಯ ಮನೆಗೆ ಯಾವ ಸ್ಪೀಕರ್: ಪ್ಲಾನರ್ ಮ್ಯಾಗ್ನೆಟಿಕ್ಕೋ, ಎಲೆಕ್ಟ್ರೋಸ್ಟ್ಯಾಟಿಕ್ಕೋ?

ಕುಡ್ಲದ ಕೇಳುಗ:
ನಮಸ್ಕಾರ. ಮನೆ ಮಂಗಳೂರಿನಲ್ಲಿ, ಸಮುದ್ರಕ್ಕೆ ಹತ್ತಿರ. ಕೇಳುವ ಕೋಣೆ 12 ಅಡಿ ಅಗಲ, 16 ಅಡಿ ಉದ್ದ, ರೆಡ್ ಆಕ್ಸೈಡ್ ನೆಲ. ಎ.ಸಿ. ಇದೆ, ಆದರೆ ಹಾಡು ಕೇಳುವಾಗ ಮಾತ್ರ ಹಾಕುವುದು. ಹೆಚ್ಚಾಗಿ ಕೇಳುವುದು ಹಿಂದೂಸ್ತಾನಿ ಗಾಯನ ಮತ್ತು ಕರ್ನಾಟಕ ಸಂಗೀತದ ಕಛೇರಿ. ಆಂಪ್ಲಿಫೈಯರ್ 8 ಓಮ್‌ಗೆ 80 ವ್ಯಾಟ್, 4 ಓಮ್‌ಗೆ 130 ವ್ಯಾಟ್ ಕೊಡುವ ಟ್ರಾನ್ಸಿಸ್ಟರ್ ಇಂಟಿಗ್ರೇಟೆಡ್. ಸ್ಪೀಕರಿಗೆ ಎರಡು ಆಯ್ಕೆಗಳಿವೆ: ಹೊಸ ಪ್ಲಾನರ್ ಮ್ಯಾಗ್ನೆಟಿಕ್ ಆದ ಮ್ಯಾಗ್ನೆಪ್ಯಾನ್ ಎಲ್‌ಆರ್‌ಎಸ್ ಪ್ಲಸ್, ಇಲ್ಲವೇ ಒಬ್ಬರ ಬಳಿ ಇರುವ ಹಳೆಯ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಮಾರ್ಟಿನ್‌ಲೋಗನ್ ಎಲೆಕ್ಟ್ರೋಮೋಷನ್ ಇಎಸ್‌ಎಲ್. ಎರಡೂ ತೆಳು ಹಾಳೆ ನಡುಗಿಸಿ ಸದ್ದು ಮಾಡುವಂಥವೇ ಅಲ್ಲವೇ? ಹಾಗಾದರೆ ಆರಿಸುವುದು ಯಾವುದರ ಮೇಲೆ?

ತಂಬೂರಿ ತಂತಿ:
ಆರಿಸಬೇಕಾದದ್ದು ಗಾಳಿಯಲ್ಲಿನ ತೇವ, ಆಂಪ್ಲಿಫೈಯರ್, ಹಿಂಗೋಡೆಯ ಅಂತರ, ಈ ಮೂರರ ಮೇಲೆ. ಧ್ವನಿಯ ಗುಣದ ಚರ್ಚೆ ಆಮೇಲೆ ಬರಲಿ. ನಿಮ್ಮ ಊರಿಗೆ ತೇವವೇ ಮೊದಲ ಪ್ರಶ್ನೆ.

ಮ್ಯಾಗ್ನೆಪ್ಯಾನ್‌ನಲ್ಲಿ ತೆಳು ಮೈಲಾರ್ (ಪ್ಲಾಸ್ಟಿಕ್) ಹಾಳೆಗೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿ, ಎದುರಿಗೆ ಅಯಸ್ಕಾಂತದ ಸಾಲು ಇಟ್ಟಿರುತ್ತಾರೆ. ಆಂಪ್ಲಿಫೈಯರಿನ ಕರೆಂಟು ಆ ಪಟ್ಟಿಯಲ್ಲೇ ಹರಿಯುತ್ತದೆ. ವೋಲ್ಟೇಜು ಕೆಲವು ಹತ್ತರಷ್ಟೇ ಇರುವುದರಿಂದ ಹಾಳೆಯ ಮೇಲೆ ತೇವ ಕೂತರೂ ಕರೆಂಟು ಸೋರಿಕೆಯ ಮಾತಿಲ್ಲ. ಎಲೆಕ್ಟ್ರೋಸ್ಟ್ಯಾಟಿಕ್ ಹಾಗಲ್ಲ. ಎರಡು ಜಾಲರಿಗಳ ನಡುವೆ ಹಾಳೆ, ಆ ಹಾಳೆಗೆ ಸಾವಿರಾರು ವೋಲ್ಟಿನ ಬಯಾಸ್, ಅಂದರೆ ಸದಾ ಇರುವ ಸ್ಥಿರ ವೋಲ್ಟೇಜು. ಕ್ವಾಡ್ ಕಂಪನಿಯ ಇಎಸ್‌ಎಲ್-63 ಎಂಬ ಇಂಥದೇ ಸ್ಪೀಕರಿನಲ್ಲಿ ಅದು ಸುಮಾರು 5.25 ಕಿಲೋವೋಲ್ಟ್. ಜಾಲರಿಗೆ ಹೋಗುವ ಸಿಗ್ನಲ್ಲನ್ನೂ ಟ್ರಾನ್ಸ್‌ಫಾರ್ಮರ್‌ನಿಂದ ಏರಿಸಿರುತ್ತಾರೆ. ಹಾಳೆಯ ಮೇಲಿನ ಒತ್ತಡ ಬಯಾಸ್ ಮತ್ತು ಸಿಗ್ನಲ್‌ಗಳ ಗುಣಲಬ್ಧಕ್ಕೆ ಅನುಗುಣ. ಅಂದರೆ ಸೋರಿಕೆಯಿಂದ ಬಯಾಸ್ ಅರ್ಧಕ್ಕಿಳಿದರೆ ಸದ್ದು 6 ಡೆಸಿಬೆಲ್ (ಡಿಬಿ) ಕುಸಿಯುತ್ತದೆ. ಬಯಾಸ್ ಹಲವು ಮೆಗಾಓಮ್ ರೆಸಿಸ್ಟರ್ ದಾಟಿ ಬರುವುದರಿಂದ ಅತಿ ಸಣ್ಣ ಸೋರಿಕೆಯೂ ಅದನ್ನು ಎಳೆದು ಕೆಳಗಿಳಿಸುತ್ತದೆ.

ಕರಾವಳಿಯ ನಿಜವಾದ ತೊಂದರೆ ಬರೀ ಮಳೆಯಲ್ಲ, ಉಪ್ಪು. ಬಯಾಸ್ ಇರುವ ಹಾಳೆ ಧೂಳನ್ನು ತನ್ನತ್ತ ಎಳೆಯುತ್ತದೆ, ಕಡಲ ಗಾಳಿಯ ಧೂಳಿನಲ್ಲಿ ಉಪ್ಪಿನ ಕಣಗಳಿರುತ್ತವೆ. ಅಡುಗೆ ಉಪ್ಪು ಸುಮಾರು 75 ಶೇಕಡಾ ಆರ್ದ್ರತೆ ದಾಟಿದರೆ ಗಾಳಿಯ ನೀರು ಹೀರಿ ತಾನೇ ಕರಗಿ ದ್ರಾವಣವಾಗುತ್ತದೆ. ಹಾಳೆಯ ಅಂಚಿನಲ್ಲಿ ಕೂತ ಆ ದ್ರಾವಣವೇ ಕರೆಂಟಿಗೆ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಆ ಮಿತಿ ದಾಟುವುದು ದಿನದಿನದ ಮಾತು. ಮೊದಲು ಒಂದು ಬದಿ ಮಂಕಾಗುತ್ತದೆ, ಆಮೇಲೆ ಚಟ್ ಚಟ್ ಸದ್ದು. ದೀಪ ಆರಿಸಿ ನೋಡಿದರೆ ಜಾಲರಿಯ ಒಳಗೆ ನೀಲಿ ಕಿಡಿ ಕಾಣುತ್ತದೆ. ಕೇಳುವಾಗ ಮಾತ್ರ ಎ.ಸಿ. ಹಾಕಿದರೆ ಇದಕ್ಕೆ ಪರಿಹಾರ ಸಿಗದು. ನಿಮ್ಮ ಮನೆಗೆ ನನ್ನ ಓಟು ಪ್ಲಾನರ್‌ಗೇ.

ಎಂಟು ಓಮ್:
ತೇವದ ವಿಷಯ ಒಪ್ಪಿದೆ. ಆಂಪ್ಲಿಫೈಯರ್ ಕಡೆಯಿಂದ ನೋಡೋಣ.

ಎಲ್‌ಆರ್‌ಎಸ್ ಪ್ಲಸ್‌ನ ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ತಿಗೆ 1 ಮೀಟರಿನಲ್ಲಿ ಎಷ್ಟು ಸದ್ದು ಎಂಬ ಅಳತೆ) 86 ಡಿಬಿ ಎಂದು ಬರೆದಿರುವುದು 2.83 ವೋಲ್ಟಿಗೆ. 4 ಓಮ್‌ಗೆ 2.83 ವೋಲ್ಟ್ ಅಂದರೆ 2 ವ್ಯಾಟ್. 1 ವ್ಯಾಟಿಗೆ ಲೆಕ್ಕ ಹಾಕಿದರೆ 83 ಡಿಬಿ. ನಿಮ್ಮ 130 ವ್ಯಾಟ್ ಅದರ ಮೇಲೆ 21 ಡಿಬಿ ಕೊಡುತ್ತದೆ, 1 ಮೀಟರಿನಲ್ಲಿ 104 ಡಿಬಿಯ ಆಸುಪಾಸು. ಗಾಯನಕ್ಕೆ, ಈ ಕೋಣೆಗೆ ಸಾಕು. ಆದರೆ ಆ ಹೊತ್ತಿಗೆ ಸುಮಾರು 5.7 ಆಂಪಿಯರ್ ಹರಿಯುತ್ತಿರುತ್ತದೆ. 4 ಓಮ್‌ಗೆ ಎಷ್ಟು ಎಂದು ನಮೂದಿಸದ ಅಗ್ಗದ ಎ.ವಿ. ರಿಸೀವರ್ ಇಲ್ಲಿ ಬಿಸಿಯಾಗಿ, ತನ್ನನ್ನು ಕಾಪಾಡಿಕೊಳ್ಳಲು ತಾನೇ ಆಫ್ ಆಗುತ್ತದೆ. ಒಳ್ಳೆಯ ಸಂಗತಿಯೆಂದರೆ ಈ ಲೋಡ್ ಹೆಚ್ಚುಕಡಿಮೆ ಬರೀ ರೆಸಿಸ್ಟರಿನಂತೆ ವರ್ತಿಸುತ್ತದೆ, ಫ್ರೀಕ್ವೆನ್ಸಿ ಏರಿದರೂ ಆಟ ಬದಲಿಸುವುದಿಲ್ಲ.

ಇಎಸ್‌ಎಲ್ 91 ಡಿಬಿ, ನಾಬ್ ಅಷ್ಟು ತಿರುಗಿಸಬೇಕಿಲ್ಲ. ಆದರೆ ಅದು ಕೆಪಾಸಿಟರ್ ಲೋಡ್, ಸ್ವರ ಏರಿದಂತೆ ರೋಧ ಇಳಿಯುತ್ತದೆ: ಹೇಳಿಕೆಗೆ 6 ಓಮ್, 20 ಕಿಲೋಹರ್ಟ್ಜ್‌ನಲ್ಲಿ 1.6 ಓಮ್. ಔಟ್‌ಪುಟ್ ಇಂಪೀಡೆನ್ಸ್ (ಒಳರೋಧ) 0.5 ಓಮ್ ಇರುವ ವಾಲ್ವ್ ಆಂಪ್ಲಿಫೈಯರ್ ಕೊಟ್ಟರೆ 6 ಓಮ್ ಇರುವಲ್ಲಿ 0.7 ಡಿಬಿ, 20 ಕಿಲೋಹರ್ಟ್ಜ್‌ನಲ್ಲಿ 2.4 ಡಿಬಿ ನಷ್ಟ. ಮೇಲಿನ ಸ್ವರ ಮೆತ್ತಗಾಯಿತು ಎಂದು ಜನ ಪ್ಯಾನೆಲನ್ನು ಬಯ್ಯುವುದು ಎಷ್ಟೋ ಸಲ ಇದಕ್ಕೇ.

ಕೇಬಲ್‌ಗೆ ದುಡ್ಡು ಸುರಿಯಬೇಡಿ. 2.5 ಚದರ ಮಿ.ಮೀ. ತಾಮ್ರದ ವೈರ್ 5 ಮೀಟರ್ ಎಳೆದರೆ ಹೋಗಿಬರುವ ದಾರಿ ಸೇರಿ 0.075 ಓಮ್‌ಗಿಂತ ಕಡಿಮೆ. 4 ಓಮ್‌ಗೆ ನಷ್ಟ ಕೇವಲ 0.16 ಡಿಬಿ.

ಬಯಲುಸೀಮೆ:
ಇಎಸ್‌ಎಲ್ ಅನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ತಂಬೂರಿಯ ಜವಾರಿ, ಸ್ವರದ ಸುತ್ತಲಿನ ಆ ಎಳೆಎಳೆಯಾದ ಗುಂಜನ, ಒಳ್ಳೆಯ ಎಲೆಕ್ಟ್ರೋಸ್ಟ್ಯಾಟಿಕ್‌ನಲ್ಲಿ ಕೇಳುವಷ್ಟು ಬಿಡಿಬಿಡಿಯಾಗಿ ಬೇರೆಲ್ಲೂ ಕೇಳಿಸದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಧಾರವಾಡ, ಬೆಂಗಳೂರಿನಂಥ ಊರಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಮಂಗಳೂರಿನಲ್ಲೂ ಕೋಣೆಗೆ ಡಿಹ್ಯುಮಿಡಿಫೈಯರ್ ಇಟ್ಟು, ಮಳೆಗಾಲದ ಉದ್ದಕ್ಕೂ ಹಗಲುರಾತ್ರಿ ಆರ್ದ್ರತೆಯನ್ನು 60ರ ಕೆಳಗೆ ಹಿಡಿಯುವುದಾದರೆ ನಡೆಯುತ್ತದೆ.

ಹಳೆಯದನ್ನು ಕೊಳ್ಳುವ ಮೊದಲು ಹೀಗೆ ನೋಡಿ. ಮೋನೋ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ, ಪರೀಕ್ಷೆಯ ಶ್ಶ್ ಸದ್ದು) ಹಾಕಿ ಒಂದೊಂದೇ ಸ್ಪೀಕರ್ ಕೇಳಿ, ಆಮೇಲೆ ಎಡಬಲದ ವೈರ್ ಅದಲುಬದಲು ಮಾಡಿ. ಮಂಕುತನ ಅದೇ ಸ್ಪೀಕರ್‌ನಲ್ಲಿ ಉಳಿದರೆ ದೋಷ ಪ್ಯಾನೆಲ್ಲಿನದು ಅಥವಾ ಬಯಾಸ್ ಸರ್ಕೀಟಿನದು. ಈ ಮಾಡೆಲ್‌ನಲ್ಲಿ 500 ಹರ್ಟ್ಜ್ ಕೆಳಗೆ ದುಡಿಯುವುದು 8 ಇಂಚಿನ ಮಾಮೂಲಿ ವೂಫರ್. ಅದು ಚೆನ್ನಾಗಿ ಬಾರಿಸುತ್ತಿದೆ ಎಂದು ಮೋಸಹೋಗಬೇಡಿ. ಹಾಡು ನಿಲ್ಲಿಸಿ, ಬಯಾಸ್ ಆನ್ ಇರುವಾಗ ಜಾಲರಿಯ ಹತ್ತಿರ ಕಿವಿಗೊಟ್ಟರೆ ಚಟಪಟ, ಸುಸ್ ಎಂಬ ಸದ್ದು ಇರಬಾರದು. ಬಯಾಸ್ ಅನ್ನು ಮಾಮೂಲಿ ಮಲ್ಟಿಮೀಟರ್‌ನಿಂದ ಅಳೆಯಲು ಹೋಗಲೇಬೇಡಿ: ಅದು ಅಷ್ಟು ವೋಲ್ಟೇಜಿಗೆ ತಾಳುವುದಿಲ್ಲ, ಅದರ 10 ಮೆಗಾಓಮ್ ಒಳರೋಧವೇ ಬಯಾಸನ್ನು ಕುಸಿಸಿ ಸುಳ್ಳು ಲೆಕ್ಕ ತೋರಿಸುತ್ತದೆ. ಧೂಳು ತೆಗೆಯುವುದಿದ್ದರೆ ಪ್ಲಗ್ ಕಿತ್ತು ಒಂದು ರಾತ್ರಿ ಬಿಟ್ಟು, ಮೆತ್ತನೆಯ ಬ್ರಶ್ ಹಾಕಿದ ವ್ಯಾಕ್ಯೂಮ್‌ನಿಂದ ಜಾಲರಿಯ ಮೇಲೆ ಮೆಲ್ಲಗೆ ಎಳೆಯಿರಿ.

ಕುಡ್ಲದ ಕೇಳುಗ:
ನಾಲ್ಕು ತಿಂಗಳು ಹಗಲುರಾತ್ರಿ ಡಿಹ್ಯುಮಿಡಿಫೈಯರ್ ಓಡಿಸುವುದು ನಮ್ಮಲ್ಲಿ ಆಗದ ಮಾತು. ಎಲ್‌ಆರ್‌ಎಸ್ ಪ್ಲಸ್ ಕಡೆಗೇ ವಾಲುತ್ತಿದ್ದೇನೆ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟರೆ ಸಾಕೇ? ತಬಲಾದ ಡಗ್ಗಾಕ್ಕೆ ತೂಕ ಬರುತ್ತದೆಯೇ?

ತಂಬೂರಿ ತಂತಿ:
ಒಂದೂವರೆ ಅಡಿ ಸಾಲದು. ಈ ಪ್ಯಾನೆಲ್ ಹಿಂದಕ್ಕೂ ಮುಂದಿನಷ್ಟೇ ಸದ್ದು ಬಿಡುತ್ತದೆ, ಉಲ್ಟಾ ಫೇಸ್‌ನಲ್ಲಿ. ಗೋಡೆಗೆ ಬಡಿದು ಬರುವ ಆ ಸದ್ದು, ಹೆಚ್ಚುವರಿ ದಾರಿ ಒಂದು ಪೂರ್ತಿ ತರಂಗದಷ್ಟಾದಾಗ ಮುಂದಿನದನ್ನು ಅಳಿಸುತ್ತದೆ. 45 ಸೆಂ.ಮೀ. ಬಿಟ್ಟರೆ ಆ ತಗ್ಗು 381 ಹರ್ಟ್ಜ್ ಹತ್ತಿರ, ಗಾಯಕರ ಕಂಠದ ನಟ್ಟನಡುವೆ. 1 ಮೀಟರ್ ಬಿಟ್ಟರೆ 172ಕ್ಕೆ ಇಳಿಯುತ್ತದೆ, ಪ್ರತಿಫಲನವೂ 5.8 ಮಿಲಿಸೆಕೆಂಡ್ ತಡವಾಗಿ ಬರುವುದರಿಂದ ಕಿವಿ ಅದನ್ನು ಬೇರೆಯಾಗಿ ಗುರುತಿಸತೊಡಗುತ್ತದೆ.

ಚಿಕ್ಕ ಗೋಡೆಯ ಕಡೆ ಇಟ್ಟು 1 ಮೀಟರ್ ಮುಂದೆ ತನ್ನಿ, ಅಲ್ಲಿಂದ ಎರಡೂವರೆ ಮೀಟರಿಗೆ ಕುರ್ಚಿ. ನಿಮ್ಮ ಬೆನ್ನ ಹಿಂದೆ ಇನ್ನೂ 1.3 ಮೀಟರ್ ಉಳಿಯುತ್ತದೆ. ಪಕ್ಕದ ಗೋಡೆಯ ಚಿಂತೆ ಕಡಿಮೆ, ಹೀಗೆ ಹಿಂದಕ್ಕೂ ಮುಂದಕ್ಕೂ ಸದ್ದು ಬಿಡುವ ಡೈಪೋಲ್ ಪಕ್ಕಕ್ಕೆ ಹೆಚ್ಚು ಸದ್ದು ಬಿಡುವುದಿಲ್ಲ.

ಕೋನ ಹೊಂದಿಸಲು ಹಿಗ್ಗದ ದಾರ ತೆಗೆದುಕೊಳ್ಳಿ. ಕೂತಾಗ ನಿಮ್ಮ ತಲೆ ಬರುವ ಜಾಗದಿಂದ ಪ್ಯಾನೆಲ್ಲಿನ ಬಾಸ್ ಬದಿಗೆ ಎಳೆದು ಗಂಟು ಹಾಕಿ, ಅದೇ ದಾರವನ್ನು ಟ್ವೀಟರ್ (ಮೇಲಿನ ಸ್ವರದ) ಬದಿಗೆ ಹಿಡಿಯಿರಿ. ಟ್ವೀಟರ್ ಬದಿಯ ದೂರ ಅಷ್ಟೇ ಅಥವಾ ಒಂದಿಂಚು ಹೆಚ್ಚು ಇರಬೇಕು. ಎರಡೂ ಸ್ಪೀಕರಿಗೆ ಅದೇ ಅಳತೆ ಬರಲಿ.

ಎಂಟು ಓಮ್:
ಡಗ್ಗಾದ ಪ್ರಶ್ನೆಗೆ: ಕಂಪನಿ ಹೇಳುವ ಕೆಳಮಿತಿ 50 ಹರ್ಟ್ಜ್. ಮೀಂಡ್, ಅಂದರೆ ಸ್ವರದ ಜಾರಿಕೆ, ಸ್ಪಷ್ಟ ಕೇಳಿಸುತ್ತದೆ, ಎದೆಗೆ ತಟ್ಟುವ ತೂಕ ಬರುವುದಿಲ್ಲ. ಅದು ಬೇಕಿದ್ದರೆ ಸ್ಪೀಕರ್ ಲೆವೆಲ್ ಇನ್‌ಪುಟ್ ಇರುವ ಸೀಲ್ಡ್ ಸಬ್‌ವೂಫರ್ ಒಂದನ್ನು ಆಂಪ್ಲಿಫೈಯರಿನ ಅದೇ ಟರ್ಮಿನಲ್ಲಿಗೆ ಜೋಡಿಸಿ, ಕ್ರಾಸೋವರನ್ನು (ಸಬ್ ಯಾವ ಸ್ವರದ ಕೆಳಗೆ ದುಡಿಯಬೇಕೆಂಬ ಮಿತಿ) 55 ಹರ್ಟ್ಜ್ ಹತ್ತಿರ ಇಡಿ. ಫೇಸ್ ಸ್ವಿಚ್ಚನ್ನು ಎರಡೂ ಕಡೆ ಹಾಕಿ ನೋಡಿ, ಕೂತಲ್ಲಿ ಡಗ್ಗಾ ಹೆಚ್ಚು ತುಂಬಿ ಕೇಳುವ ಕಡೆಗೆ ಬಿಡಿ. ನಿಮ್ಮ ಕೋಣೆಯ ಉದ್ದಕ್ಕೆ 35 ಹರ್ಟ್ಜ್‌ನಲ್ಲಿ ಗುಂಯ್ ಎನ್ನುವ ಗುಣವಿದೆ, ಹಾಗಾಗಿ ಸಬ್ ಅನ್ನು ಮೂಲೆಗೆ ತಳ್ಳಬೇಡಿ.

ಬಯಲುಸೀಮೆ:
ಪ್ಲಾನರ್‌ಗೂ ಕರಾವಳಿಯಲ್ಲಿ ಒಂದು ಕಾಯಿಲೆ ಇದೆ: ವರ್ಷಗಳು ಕಳೆದಂತೆ ಅಂಟು ಬಿಡುವುದು. ಬಿಸಿಲು, ಸೆಕೆ ಎರಡೂ ಅದಕ್ಕೆ ಕಾರಣ. ಕಿಟಕಿಯ ಬಿಸಿಲು ಪ್ಯಾನೆಲ್ಲಿನ ಮೇಲೆ ಬೀಳದಂತೆ ಪರದೆ ಹಾಕಿ. ವರ್ಷಕ್ಕೊಮ್ಮೆ 40ರಿಂದ 500 ಹರ್ಟ್ಜ್‌ವರೆಗಿನ ಸೈನ್ ಸ್ವೀಪನ್ನು (ಮೆಲ್ಲಗೆ ಏರುತ್ತ ಹೋಗುವ ಒಂದೇ ಸ್ವರ) ಸಣ್ಣ ಸದ್ದಿನಲ್ಲಿ ಓಡಿಸಿ. ಯಾವುದೋ ಒಂದು ಸ್ವರದಲ್ಲಿ ಮಾತ್ರ ಗರ್ ಎಂದರೆ ಅಲ್ಲಿ ಪಟ್ಟಿ ಎದ್ದಿದೆ. ಬಟ್ಟೆ ಬಿಚ್ಚಿ ನೀರಿನ ಆಧಾರದ ಕಾಂಟ್ಯಾಕ್ಟ್ ಅಂಟಿನಿಂದ ಕೂರಿಸಬಹುದು. ಕಬ್ಬಿಣದ ಸ್ಕ್ರೂಡ್ರೈವರ್ ಮಾತ್ರ ಹತ್ತಿರ ತರಬೇಡಿ, ಅಯಸ್ಕಾಂತ ಕಿತ್ತುಕೊಂಡರೆ ಹಾಳೆಗೆ ತೂತು. ಟರ್ಮಿನಲ್ಲಿನ ಹಸಿರು ಕಿಲುಬನ್ನು ಮಳೆಗಾಲ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ವೈರಿನ ತುದಿ ಕತ್ತರಿಸಿ ಹೊಸದಾಗಿ ಸುಲಿದು ಹಾಕಿ.