ರನ್ನನ ದುರ್ಯೋಧನ ನೀರೊಳಗೆ ಬೆವರಿದ್ದು ಸಿಟ್ಟಿಗಾ, ಅಂಜಿಕೆಗಾ?

ಕನ್ನಡ ಟೀಚರ್, ಯಾದಗಿರಿ:
ಎಲ್ಲರಿಗೂ ನಮಸ್ಕಾರ. ನಾನು ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ರನ್ನನ ಗದಾಯುದ್ಧದ "ನೀರೊಳಗಿರ್ದುಂ ಬೆಮರ್ತನುರಗಪತಾಕಂ" ಸಾಲಿಗೆ ಇಷ್ಟು ವರ್ಷ ಒಂದೇ ಅರ್ಥ ಹೇಳಿಕೊಂಡು ಬಂದಿದ್ದೇನೆ. ಸರೋವರದಲ್ಲಿ ಅಡಗಿದ್ದ ದುರ್ಯೋಧನ ಭೀಮನ ಗರ್ಜನೆ ಕೇಳಿ ಸಿಟ್ಟಿನಿಂದ ಬೆವರಿದ, ಅಂತ.

ಹೋದ ವಾರ ನನ್ನ ತಮ್ಮ ತೊಗರಿ ರಾಶಿಗೆ ಅಂತ ರಜೆ ಹಾಕಿ ಬಂದಿದ್ದ. ಸೈನ್ಯ ಸೇರಿ ಎಂಟು ವರ್ಷ ಆಯಿತು. ರಾತ್ರಿ ನಾನು ಪಾಠಕ್ಕೆ ಓದಿಕೊಳ್ಳುವಾಗ ಪಕ್ಕದಲ್ಲೇ ಮಲಗಿದ್ದ. ಅರ್ಥ ಕೇಳಿದ, ಹೇಳಿದೆ. "ಯಕ್ಕಾ, ಸಿಟ್ಟಿಗೆ ಹಂಗ ಬೆವರಲ್ಲ. ಅದು ಅಂಜಿಕಿ" ಅಂದ. ಸ್ವಲ್ಪ ಹೊತ್ತು ಬಿಟ್ಟು, ಹಿಮದಲ್ಲಿ ಒಬ್ಬನೇ ಪಹರೆ ನಿಂತ ಒಂದು ರಾತ್ರಿ ಬನಿಯನ್ ಪೂರ್ತಿ ತೊಯ್ದಿತ್ತು ಅಂತ ಹೇಳಿದ. ಅವನ ಬಾಯಲ್ಲಿ ಅಂಜಿಕೆ ಅನ್ನುವ ಮಾತು ಕೇಳಿದ್ದು ಅದೇ ಮೊದಲು. ಆಮೇಲೆ ಕಂಬಳಿ ತಗೊಂಡು ರಾಶಿ ಕಾಯಲು ಹೊಲಕ್ಕೆ ಹೋದ.

ನನ್ನ ಪಾಠ ತಪ್ಪಾ? ಬೇರೆ ಕವಿಗಳು ಸೈನಿಕನ ಅಂಜಿಕೆಯನ್ನು ಹೇಗೆ ತೋರಿಸಿದ್ದಾರೆ?

ಹಳಗನ್ನಡ ಓದುಗ, ಕಲಬುರಗಿ:
ಟೀಚರ್, ನಿಮ್ಮ ಪಾಠ ತಪ್ಪಲ್ಲ. ಅದೇ ಪದ್ಯದಲ್ಲಿ "ಕೋಪಾರುಣನೇತ್ರಂ" ಅಂತಿದೆ. ಕಣ್ಣು ಕೆಂಪಾಗಿದೆ, ಅದು ಸಿಟ್ಟೇ. ಇದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ಆದರೆ ನಿಮ್ಮ ತಮ್ಮನ ಪಹರೆಯಂಥ ಒಂಟಿತನ ಬೇಕಾದರೆ ಕಾವ್ಯದಲ್ಲೇ ಸ್ವಲ್ಪ ಹಿಂದಕ್ಕೆ ಹೋಗಿ. 11 ಅಕ್ಷೋಹಿಣಿ ಸೇನೆ ಇದ್ದವನ ಜೊತೆ ಈಗ ಸಂಜಯ ಒಬ್ಬನೇ. ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರೂ ಸಿಗುತ್ತಾರೆ. ಮಗ ಲಕ್ಷಣಕುಮಾರನ ಹೆಣದ ಮುಂದೆ ನಿಂತು, ನೀನು ನನಗೆ ಕೊಡಬೇಕಾದ ನೀರನ್ನು ನಾನು ನಿನಗೆ ಕೊಡುವಂತಾಯಿತಲ್ಲ ಅಂತ ಅಳುತ್ತಾನೆ. ಅಲ್ಲಿ ಅವನು ರಾಜನೇ ಅಲ್ಲ, ಸುಮ್ನೆ ಒಬ್ಬ ಅಪ್ಪ. ಆ ಭಾಗ ಜೋರಾಗಿ ಓದಿದಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಬೀದರ್ ಓದುಗ:
ಅಕ್ಕಾ, ನಿಮ್ಮ ತಮ್ಮ ಹೇಳಿದ್ದನ್ನೂ ಬಿಡಬೇಡಿ. ಸಿಟ್ಟು ಕಣ್ಣಲ್ಲಿದೆ, ಬೆವರು ಮೈಯಲ್ಲಿದೆ. ಎರಡೂ ಒಟ್ಟಿಗೆ ಇರಬಾರದು ಅಂತೇನಿಲ್ಲ, ಅಲ್ವಾ?

ಮೊದಲ ಮಹಾಯುದ್ಧದಲ್ಲಿ ಹೋರಾಡಿದ ವಿಲ್‌ಫ್ರೆಡ್ ಓವೆನ್ ಒಂದು ಪದ್ಯದಲ್ಲಿ ಹಿಮದಲ್ಲಿ ಕಾಯುತ್ತಾ ಕೂತ ಸೈನಿಕರನ್ನು ತೋರಿಸುತ್ತಾನೆ. ಗಾಳಿ, ಚಳಿ, ಮಂಜು. "ಆದರೆ ಏನೂ ಆಗುವುದಿಲ್ಲ" ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಅದನ್ನು ಓದುವಾಗ ನಿಮ್ಮ ತಮ್ಮನ ಪಹರೆಯೇ ಕಣ್ಣಮುಂದೆ ಬಂತು. ಓವೆನ್ ಸತ್ತಿದ್ದು 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದೇ ವಾರ ಇದ್ದಾಗ. 25 ವರ್ಷದ ಹುಡುಗ.

ಟೆಡ್ ಹ್ಯೂಸ್ ಅದೇ ಯುದ್ಧದ ಬಗ್ಗೆ ಬರೆದ ಒಂದು ಪದ್ಯವೂ ಇದೆ. ಅವನು ಹೋರಾಡಿದವನಲ್ಲ, ಅವನ ತಂದೆ ಹೋರಾಡಿದವರು. ಪದ್ಯ ಶುರುವಾಗುವಾಗಲೇ ಸೈನಿಕ ಬಂದೂಕು ಹಿಡಿದು ಓಡುತ್ತಿದ್ದಾನೆ. ಜೊತೆಗಾರರ ಒಂದು ಹೆಸರೂ ಇಲ್ಲ. ನಡುವೆ ಗಕ್ಕನೆ ನಿಲ್ಲುತ್ತಾನೆ, ಎತ್ತಿದ ಕಾಲು ಎತ್ತಿದಂತೆಯೇ. ಯಾಕೆ ಓಡುತ್ತಿದ್ದೇನೆ ಅಂತ ಅವನಿಗೇ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಒಂದು ಮೊಲ ಎದ್ದು ಒದ್ದಾಡುತ್ತದೆ. ಬಾಯಿ ಅಗಲ ತೆರೆದಿದೆ, ಸದ್ದು ಮಾತ್ರ ಇಲ್ಲ. ಸೈನಿಕ ಕೂಗಬೇಕಾದ ಕೂಗನ್ನು ಕವಿ ಆ ಮೊಲದ ಬಾಯಿಗೆ ಇಟ್ಟಿದ್ದಾನೆ ಅಂತ ನನಗೆ ಅನಿಸುತ್ತದೆ. ಭಯ ಅಂತ ಬರೆದಿದ್ದರೆ ಇಷ್ಟು ತಟ್ಟುತ್ತಿರಲಿಲ್ಲ.

ಕನ್ನಡ ಟೀಚರ್, ಯಾದಗಿರಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನು ಕ್ಲಾಸಲ್ಲಿ ಕೋಪಾರುಣನೇತ್ರವನ್ನೂ ಹೇಳುತ್ತೇನೆ, ತೊಯ್ದ ಬನಿಯನ್ನಿನ ಮಾತನ್ನೂ ಹೇಳುತ್ತೇನೆ. ತಮ್ಮನ ಒಪ್ಪಿಗೆ ಕೇಳಿಯೇ.

ನಿನ್ನೆ ಅವನು ಡ್ಯೂಟಿಗೆ ವಾಪಸ್ ಹೋದ. ಸ್ಟೇಷನ್‌ನಲ್ಲಿ ರೈಲಿಗೆ ಕಾಯುತ್ತಾ ಆ ಓಡುವ ಸೈನಿಕನ ಪದ್ಯವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದ. ಸೈನಿಕ ಏನಾದ ಅಂತ ಕೇಳಲಿಲ್ಲ. "ಮೊಲ ಉಳೀತಾ ಯಕ್ಕಾ?" ಅಂದ.