ಎಕ್ಸ್‌ಎಸ್ 650 ಮಣ್ಣಿನ ರೇಸಿಗೆ: ಕಾರ್ಬುರೇಟರ್, ಬ್ರೀದರ್, ಗೇರಿಂಗ್ ಬಗ್ಗೆ ಸಲಹೆ ಬೇಕು

ಮಣ್ಣುಗಾಲಿ

ಎಲ್ಲರಿಗೂ ನಮಸ್ಕಾರ. ಕ್ಲಾಸಿಕ್ ಸ್ಕ್ರ್ಯಾಂಬಲ್ಸ್‌ಗೆಂದು (ಹಳೆಯ ಬೈಕುಗಳ ಮಣ್ಣಿನ ರೇಸ್) ಯಮಾಹಾ ಎಕ್ಸ್‌ಎಸ್ 650 ಸಿದ್ಧವಾಗುತ್ತಿದೆ. ಎಂಜಿನ್ 447 ಸರಣಿಯದು, ಒಳಗೆಲ್ಲ ಸ್ಟ್ಯಾಂಡರ್ಡ್. ಕಾರ್ಬುರೇಟರ್ ಮೂಲದ್ದೇ, ಮಿಕುನಿ ಬಿಎಸ್ 38. ಸ್ಪ್ರಾಕೆಟ್ ಮುಂದೆ 17, ಹಿಂದೆ 34. ನಿಯಮದ ಪ್ರಕಾರ ಸಸ್ಪೆನ್ಷನ್ ಚಲನೆ ಮುಂದೆ 7 ಇಂಚು, ಹಿಂದೆ 4 ಇಂಚು ಮೀರುವಂತಿಲ್ಲ.

ತೊಂದರೆ ಮೂರು. ದಿಬ್ಬ ಹಾರಿ ನೆಲಕ್ಕೆ ಬಿದ್ದು ರೇಸ್ (ಆಕ್ಸಿಲರೇಟರ್) ಕೊಟ್ಟ ಕೂಡಲೇ ಎಂಜಿನ್ ಒಂದು ಕ್ಷಣ ಉಸಿರು ಹಿಡಿದು ಆಮೇಲೆ ದಡಬಡ ಎದ್ದೇಳುತ್ತದೆ. ಬ್ರೀದರ್ ಪೈಪಿನಿಂದ (ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಪೈಪು) ಆಯಿಲ್ ಬಂದು ಹಿಂದಿನ ಟಯರ್ ಮೇಲೆ ಬೀಳುತ್ತದೆ. ಇಕ್ಕಟ್ಟಿನ ತಿರುವಿನಲ್ಲಿ ಫಸ್ಟ್ ಗೇರ್ ಕೂಡ ಉದ್ದವೆನಿಸಿ ಕ್ಲಚ್ ಹಿಡಿದೇ ಓಡಿಸಬೇಕು. 750 ಕಿಟ್ (ದೊಡ್ಡ ಪಿಸ್ಟನ್) ಹಾಕಿ, ಎರಡು ಪಿಸ್ಟನ್‌ಗಳ ನಡುವಿನ ಕೋನ 277 ಡಿಗ್ರಿ ಆಗುವಂತೆ ಕ್ರ್ಯಾಂಕ್ ತಿರುಗಿಸಿದರೆ ಇವೆಲ್ಲ ಸರಿಹೋಗುತ್ತವೆಯೇ? ಮೊದಲು ಎಲ್ಲಿ ಕೈ ಹಾಕಲಿ?

ಜೋಡಿಪಿಸ್ಟನ್

ಕಿಟ್ಟೂ ಬೇಡ, ಕ್ರ್ಯಾಂಕೂ ಬೇಡ, ಸದ್ಯಕ್ಕೆ. ನಿಮ್ಮ ಮೂರು ತೊಂದರೆಗೂ ಶಕ್ತಿ ಸಾಲದಿರುವುದು ಕಾರಣವೇ ಅಲ್ಲ.

ಮೊದಲನೆಯದು ಕಾರ್ಬುರೇಟರ್. ಬಿಎಸ್ 38ರಲ್ಲಿ ನಿಮ್ಮ ಕೈ ತಿರುಗಿಸುವುದು ಬಟರ್‌ಫ್ಲೈ (ಗಾಳಿದಾರಿಯ ತಟ್ಟೆ) ಮಾತ್ರ. ಗಾಳಿದಾರಿಯನ್ನು ಹಿಗ್ಗಿಸುವ ಸ್ಲೈಡ್ ಏರುವುದು ಡಯಾಫ್ರಾಮ್ (ತೆಳು ರಬ್ಬರ್ ಹಾಳೆ) ಮೇಲಿನ ನಿರ್ವಾತದಿಂದ. ಗಾಳಿಯಲ್ಲಿದ್ದಾಗ ರೇಸ್ ಮುಚ್ಚಿರುತ್ತದೆ, ಸ್ಲೈಡ್ ಕೆಳಗಿರುತ್ತದೆ. ಬಿದ್ದ ಕೂಡಲೇ ಪೂರ್ತಿ ತಿರುಗಿಸಿದರೆ ಬಟರ್‌ಫ್ಲೈ ತೆರೆಯುತ್ತದೆ, ಸ್ಲೈಡ್ ಹಿಂದೆ ಉಳಿಯುತ್ತದೆ. ನೀವು ಹೇಳಿದ ಆ ಕ್ಷಣ ಅದೇ. ರಸ್ತೆಯಲ್ಲಿ ಇದು ಸದ್ಗುಣ, ಮಣ್ಣಿನಲ್ಲಿ ಅವಗುಣ. ಜೊತೆಗೆ ಡಯಾಫ್ರಾಮ್ ತೂತಾಗಿದ್ದರೆ ಕಾಟ ಎರಡರಷ್ಟಾಗುತ್ತದೆ. ನೋಡುವುದು ಸುಲಭ: ಏರ್ ಫಿಲ್ಟರ್ ಬಿಚ್ಚಿ, ಸ್ಲೈಡನ್ನು ಬೆರಳಿನಿಂದ ಎತ್ತಿ ಬಿಡಿ. ನಿಧಾನವಾಗಿ ಇಳಿದರೆ ಸರಿ, ಟಕ್ ಎಂದು ಬಿದ್ದರೆ ರಬ್ಬರ್ ಹರಿದಿದೆ.

ನೇರ ಪರಿಹಾರ ಮಿಕುನಿ ವಿಎಂ 34 ಕಾರ್ಬುರೇಟರ್ ಜೋಡಿ. ಕೇಬಲ್ ನೇರವಾಗಿ ಸ್ಲೈಡನ್ನೇ ಎಳೆಯುತ್ತದೆ. ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಣುಕು) ಅಂಕಿ ಯಾರನ್ನೂ ಕೇಳಬೇಡಿ, ಸೈಲೆನ್ಸರ್ ಮತ್ತು ಫಿಲ್ಟರ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ರೇಸ್ ಹಿಡಿಯ ಮೇಲೆ ಟೇಪ್ ಅಂಟಿಸಿ ಎಂಟನೇ ಒಂದು, ಕಾಲು, ಅರ್ಧ, ಮುಕ್ಕಾಲು ಗುರುತು ಮಾಡಿ. ಎಂಟನೇ ಒಂದರವರೆಗೆ ಪೈಲಟ್ ಜೆಟ್, ಅಲ್ಲಿಂದ ಕಾಲಿನವರೆಗೆ ಸ್ಲೈಡಿನ ಕಟ್‌ಅವೇ (ಅದರ ಅಂಚಿನ ಕೊರೆತ), ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಅದರಾಚೆ ಮೇನ್ ಜೆಟ್. ಯಾವ ಗುರುತಿನಲ್ಲಿ ತಡವರಿಸುತ್ತದೋ ಅದನ್ನೇ ಮುಟ್ಟಿ. ಮೇನ್ ಜೆಟ್ಟಿನಿಂದ ಶುರು ಮಾಡಿ, ಪೈಲಟ್ ಕೊನೆಗೆ.

ಕಾರ್ಬುರೇಟರ್ ಕೂರುವ ರಬ್ಬರ್ ಹೋಲ್ಡರ್‌ಗಳನ್ನೂ ಬಗ್ಗಿಸಿ ನೋಡಿ. ಹೊರಗಿನಿಂದ ಚೆನ್ನಾಗಿ ಕಂಡರೂ ಬುಡದಲ್ಲಿ ಕೂದಲೆಳೆ ಬಿರುಕು ಇರುತ್ತದೆ. ಐಡ್ಲಿಂಗ್‌ನಲ್ಲಿರುವಾಗ ಬುಡಕ್ಕೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ. ಎಂಜಿನ್ ಸದ್ದು ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ. ಬಿಸಿ ಎಂಜಿನ್ ಮೇಲೆ ಮಾಡಬೇಡಿ, ಅದು ಉರಿಯುವ ದ್ರವ.

ಕೇಸ್‌ಪ್ರೆಶರ್

ಆಯಿಲ್ ವಿಷಯಕ್ಕೆ ಬರುತ್ತೇನೆ, ಇದನ್ನು ಹೆಚ್ಚಿನವರು ರಿಂಗ್ ಸವೆತ ಎಂದುಕೊಂಡು ಸುಮ್ಮನೆ ಎಂಜಿನ್ ಬಿಚ್ಚುತ್ತಾರೆ.

ಎಕ್ಸ್‌ಎಸ್ 650 ಕ್ರ್ಯಾಂಕ್ 360 ಡಿಗ್ರಿಯದು. ಎರಡೂ ಪಿಸ್ಟನ್ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಅಂದರೆ ಪ್ರತಿ ಸುತ್ತಿಗೂ ಕ್ರ್ಯಾಂಕ್‌ಕೇಸಿನ ಒಳಜಾಗ 653 ಸಿಸಿ ಹಿಗ್ಗಿ ಕುಗ್ಗುತ್ತದೆ. ಎಂಜಿನ್ ದೊಡ್ಡದೊಂದು ಪಂಪು. ಹೋಂಡಾ ಸಿಎಲ್ 350ರಂಥ 180 ಡಿಗ್ರಿ ಕ್ರ್ಯಾಂಕಿನಲ್ಲಿ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ, ಒಳಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅದಕ್ಕೇ ಆ ಗಾಡಿಗಳಲ್ಲಿ ಈ ದೂರು ಕಡಿಮೆ.

ಬ್ರೀದರ್ ಪೈಪನ್ನು ಎಲ್ಲೂ ಕಿರಿದು ಮಾಡಬೇಡಿ, ಮಡಚಬೇಡಿ. ಅದರಲ್ಲಿ ಒಂದು ರೀಡ್ ವಾಲ್ವ್ (ಗಾಳಿಯನ್ನು ಒಂದೇ ಕಡೆಗೆ ಬಿಡುವ ಕವಾಟ) ಕೂರಿಸಿ, ಎಂಜಿನ್‌ಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಗಾಳಿ ಹೊರಗೆ ಹೋಗಲಿ, ಒಳಗೆ ಬರಬಾರದು. ಆಗ ಕೇಸಿನೊಳಗೆ ಸರಾಸರಿ ಒತ್ತಡ ಇಳಿಯುತ್ತದೆ, ಸೀಲುಗಳಿಂದ ಒಸರುವುದೂ ಕಡಿಮೆಯಾಗುತ್ತದೆ. ವಾಲ್ವ್ ತಿರುಗಾಮುರುಗಾ ಹಾಕಿದರೆ ಮಾತ್ರ ಸೀಲುಗಳೇ ಹೊರಬರುತ್ತವೆ. ಬಾಯಿಯಿಂದ ಊದಿ ನೋಡಿ: ಎಂಜಿನ್ ಕಡೆಯಿಂದ ಊದಿದರೆ ಹೋಗಬೇಕು, ಆಚೆಯಿಂದ ಹೋಗಬಾರದು. ಅಲ್ಲಿಂದ ಪೈಪ್ ಮೇಲಕ್ಕೇರಿ ಸೀಟಿನ ಕೆಳಗಿನ ಡಬ್ಬಿಗೆ ಹೋಗಲಿ. ಆಯಿಲ್ ಮಟ್ಟ ಮೇಲಿನ ಗುರುತು ದಾಟಿಸಲೇಬೇಡಿ.

ಆಯಿಲ್ ಬದಲಿಸುವಾಗ ಸಂಪ್ (ತಳದ ಆಯಿಲ್ ತೊಟ್ಟಿ) ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಈ ಎಂಜಿನ್ನಿನಲ್ಲಿ ಆ ಜಾಲರಿ ಹರಿಯುವುದು ಎಲ್ಲರಿಗೂ ಗೊತ್ತಿರುವ ರೋಗ. ಹರಿದರೆ ಕಸವೆಲ್ಲ ನೇರ ಪಂಪಿಗೆ. ಸಂಪ್ ಮುಚ್ಚಳ ಎರಕದ ಅಲ್ಯೂಮಿನಿಯಂ, ಗಾಡಿಯ ತೀರಾ ತಳದಲ್ಲಿದೆ, ಒಂದು ಕಲ್ಲು ಸಾಕು. 4 ಮಿ.ಮೀ. ಅಲ್ಯೂಮಿನಿಯಂ ಸ್ಕಿಡ್ ಪ್ಲೇಟ್ ಹಾಕಿ. ಪ್ಲೇಟು ಮುಚ್ಚಳಕ್ಕೆ ತಾಗಬಾರದು, ನಡುವೆ ಒಂದು ಬೆರಳು ಜಾಗ ಬೇಕು, ಕೆಸರು ಇಳಿದುಹೋಗಲು ತೂತುಗಳೂ ಬೇಕು. ಇಲ್ಲದಿದ್ದರೆ ಒಣಗಿದ ಮಣ್ಣು ಹೊದಿಕೆಯಂತಾಗಿ ತಳ ತಣ್ಣಗಾಗುವುದೇ ಇಲ್ಲ.

ಹಲ್ಲುಲೆಕ್ಕ

ಗೇರಿಂಗ್: 17ಕ್ಕೆ 34 ಅಂದರೆ ಅನುಪಾತ 2, ಅದು ಹೆದ್ದಾರಿಯ ಲೆಕ್ಕ. 16ಕ್ಕೆ 42 ಹಾಕಿದರೆ ಸುಮಾರು 2.6, ಇಲ್ಲಿಂದ ಶುರು ಮಾಡಿ. ಟ್ರ್ಯಾಕ್ ಇಕ್ಕಟ್ಟಾಗಿದ್ದರೆ 15ಕ್ಕೆ 45, ಸರಿಯಾಗಿ 3. ಮುಂದಿನದು ಚಿಕ್ಕದಾದಷ್ಟೂ ಚೈನ್ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಪಿವಟ್ಟಿಗೆ ಉಜ್ಜುತ್ತದೆ, ನೈಲಾನ್ ಪಟ್ಟಿ ಕೂರಿಸದೆ ಓಡಿಸಬೇಡಿ. ಆದ್ದರಿಂದ ಸಾಧ್ಯವಿದ್ದಷ್ಟು ಹಿಂದಿನ ಹಲ್ಲನ್ನೇ ಹೆಚ್ಚಿಸಿ.

ಚೈನ್ ಬಿಗಿ ಅಳೆಯುವುದು ಸ್ಟ್ಯಾಂಡ್ ಮೇಲೆ ಅಲ್ಲ. ಶಾಕ್ ಬಿಚ್ಚಿ, ಮುಂದಿನ ಸ್ಪ್ರಾಕೆಟ್, ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವಂತೆ ಚಕ್ರ ಎತ್ತಿ. ಚೈನ್ ಅತಿ ಬಿಗಿಯಾಗುವುದು ಅಲ್ಲೇ, ಅಲ್ಲಿ 10ರಿಂದ 15 ಮಿ.ಮೀ. ಸಡಿಲ ಇರಬೇಕು. ಎಡಗಡೆ ಸ್ಪ್ರಾಕೆಟ್ ಪಕ್ಕದಲ್ಲೇ ಕ್ಲಚ್ ಪುಶ್‌ರಾಡ್ ಹೊರಬರುತ್ತದೆ. ಅಲ್ಲಿ ಕೆಸರು ತುಂಬಿ ಬುಷ್ ಮತ್ತು ಸೀಲ್ ಸವೆದರೆ ಆಯಿಲ್ ಚೈನ್ ಮೇಲೆ ಸುರಿಯುತ್ತದೆ. ಟಯರ್ ಮೇಲಿನ ಆಯಿಲ್ ಬ್ರೀದರಿನದೇ ಎಂದು ತೀರ್ಮಾನಿಸುವ ಮೊದಲು ಅದನ್ನೂ ಒರೆಸಿ ನೋಡಿ.

ಅಂದಹಾಗೆ, ತೂಕ ಇಳಿಸಲು ಆಲ್ಟರ್ನೇಟರ್ ರೋಟರ್ ತೆಗೆಯಬೇಕೆನಿಸಬಹುದು. ಹಾಗೆ ಬರಿದು ಮಾಡಿದರೆ ಫ್ಲೈವೀಲ್ ತೂಕವೂ ಹೋಗುತ್ತದೆ, ನಿಧಾನದ ತಿರುವಿನಲ್ಲಿ ಎಂಜಿನ್ ಪಟ್ಟನೆ ನಿಂತುಬಿಡುತ್ತದೆ. ಬ್ಯಾಟರಿ ಇಲ್ಲದ ಮ್ಯಾಗ್ನೆಟ್ ಇಗ್ನಿಷನ್ ಹಾಕುವುದಾದರೆ ತೂಕವಿರುವ ರೋಟರನ್ನೇ ಆರಿಸಿ. ಎಲೆಕ್ಟ್ರಿಕ್ ಸ್ಟಾರ್ಟರ್ ಇದ್ದರೆ ಅದನ್ನು ಧಾರಾಳವಾಗಿ ತೆಗೆಯಿರಿ.

ಮಣ್ಣುಗಾಲಿ

ತುಂಬಾ ಧನ್ಯವಾದಗಳು. ಸ್ಲೈಡ್ ಎತ್ತಿ ಬಿಟ್ಟರೆ ಎಡಗಡೆಯದು ಟಕ್ ಎಂದೇ ಬೀಳುತ್ತಿದೆ! ವಿಎಂ 34 ಹಾಕುತ್ತೇನೆ. ಎರಡನ್ನೂ ಸಮ ಮಾಡಲು ವ್ಯಾಕ್ಯೂಮ್ ಗೇಜ್ ಬೇಕೇ? 277 ಬಗ್ಗೆಯೂ ಯಾರಾದರೂ ಹೇಳಿ.

ಜೋಡಿಪಿಸ್ಟನ್

ಗೇಜ್ ಇಲ್ಲದೆಯೂ ಆಗುತ್ತದೆ. 3 ಮಿ.ಮೀ. ಡ್ರಿಲ್ ಬಿಟ್ ಎರಡು ತನ್ನಿ. ಹಿಡಿ ಸ್ವಲ್ಪ ತಿರುಗಿಸಿ, ಅವುಗಳ ನುಣುಪಾದ ತುದಿಯನ್ನು ಒಂದೊಂದು ಸ್ಲೈಡಿನ ಕೆಳಗೆ ಇಟ್ಟು, ಹಿಡಿಯನ್ನು ಮೆಲ್ಲಗೆ ಬಿಡಿ. ಇನ್ನು ತಿರುಗಿಸುತ್ತಾ ಹೋದಾಗ ಎರಡೂ ಒಂದೇ ಗಳಿಗೆಯಲ್ಲಿ ಜಾರಿ ಬೀಳಬೇಕು. ಒಂದು ಮೊದಲು ಬಿದ್ದರೆ ಆ ಕಡೆಯ ಕೇಬಲ್ ಅಡ್ಜಸ್ಟರ್ ಸ್ವಲ್ಪ ಒಳಗೆ ತಿರುಗಿಸಿ. ಎರಡು ಕಾರ್ಬುರೇಟರ್ ಸಮ ಇಲ್ಲದೆ ಜೆಟ್ ಹುಡುಕುವುದು ವ್ಯರ್ಥ ಶ್ರಮ. ಕೊನೆಗೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಐಡ್ಲಿಂಗ್ ಏರಿದರೆ ಕೇಬಲ್ ಎಳೆಯುತ್ತಿದೆ.

ಕೇಸ್‌ಪ್ರೆಶರ್

277: ಈ ಕ್ರ್ಯಾಂಕ್ ಒತ್ತಿ ಕೂರಿಸಿದ್ದು, ನಡುವೆ ಸ್ಪ್ಲೈನ್ ಇದೆ, ಹಾಗಾಗಿ ಬಿಡಿಸಿ ತಿರುಗಿಸಿ ಮತ್ತೆ ಒತ್ತಲು ಬರುತ್ತದೆ. ಆದರೆ ಕ್ಯಾಮ್‌ಶಾಫ್ಟನ್ನೂ ಅದಕ್ಕೆ ಹೊಂದಿಸಬೇಕು, ಇಗ್ನಿಷನ್ನೂ ಬದಲಾಗಬೇಕು. ಕಂಪನ ನಿಜಕ್ಕೂ ಇಳಿಯುತ್ತದೆ, ಕೇಸಿನ ಪಂಪಿಂಗ್ ಸ್ವಲ್ಪ ಇಳಿಯುತ್ತದೆ. ಎಂಜಿನ್ ಹೇಗೂ ಬಿಚ್ಚುವ ದಿನ ಬಂದಾಗ ಯೋಚಿಸಿ. ಆ ದಿನ ಕ್ರ್ಯಾಂಕ್ ಪಿನ್‌ಗಳಿಗೆ ವೆಲ್ಡ್ ಹಾಕಿಸಿ, ರೇಸಿನಲ್ಲಿ ಅವು ತಿರುಚಿಕೊಳ್ಳುತ್ತವೆ. ವೆಲ್ಡ್ ಆದಮೇಲೆ ಓರೆ 0.05 ಮಿ.ಮೀ. ಮೀರದಂತೆ ಅಳೆಸಿ. 750 ಕಿಟ್ಟಿಗೆ ಬೋರ್ 80 ಮಿ.ಮೀ., 744 ಸಿಸಿ ಆಗುತ್ತದೆ, ನಿಮ್ಮ ವರ್ಗದ ಮಿತಿ ಮೊದಲು ನೋಡಿಕೊಳ್ಳಿ. ಪಿಸ್ಟನ್ ಕೊಳ್ಳುವಾಗ 256 ಸರಣಿಯದು 447ಕ್ಕೆ ಬರುವುದಿಲ್ಲ, ಕನೆಕ್ಟಿಂಗ್ ರಾಡ್ ಉದ್ದವೇ ಬೇರೆ.

ಹಲ್ಲುಲೆಕ್ಕ

ಆ ಹಣದಲ್ಲಿ ಮೊದಲು ಸ್ವಿಂಗ್‌ಆರ್ಮಿನ ಪ್ಲಾಸ್ಟಿಕ್ ಬುಷ್ ಕಿತ್ತು ಕಂಚಿನದು, ಹ್ಯಾಂಡಲ್ ಕುತ್ತಿಗೆಯ ಬಿಡಿ ಗುಂಡುಗಳ ಬದಲು ಟೇಪರ್ ರೋಲರ್ ಬೇರಿಂಗ್ ಹಾಕಿಸಿ. ಹೆಡ್ ಮೇಲಿನ ಎಂಜಿನ್ ಮೌಂಟ್ ಬಿಟ್ಟು ಓಡಿಸಬೇಡಿ, ಕಂಪನಕ್ಕೆ ಉಳಿದ ಮೌಂಟುಗಳ ಬುಡ ಸೀಳುತ್ತದೆ. ಹಿಂದಿನ ಚಲನೆ ಅಳೆಯುವುದು ಶಾಕ್ ಮೇಲಲ್ಲ, ಆಕ್ಸಲಿನಲ್ಲಿ: ಸ್ಪ್ರಿಂಗ್ ತೆಗೆದು ಶಾಕ್ ಮಾತ್ರ ಕೂರಿಸಿ, ಪೂರ್ತಿ ಎಳೆದಾಗ ಒಮ್ಮೆ, ತಳ ಮುಟ್ಟಿದಾಗ ಒಮ್ಮೆ ಆಕ್ಸಲಿನಿಂದ ನೇರ ಮೇಲಿರುವ ಫ್ರೇಮಿನ ಬಿಂದುವಿಗೆ ಅಳತೆ ತೆಗೆಯಿರಿ. ವ್ಯತ್ಯಾಸ 4 ಇಂಚಿನ (101.6 ಮಿ.ಮೀ.) ಒಳಗೆ ಬರಬೇಕು. ಹೆಚ್ಚಾದರೆ ಶಾಕ್ ರಾಡಿಗೆ ವಾಷರ್ ಸೇರಿಸಿ, ಮತ್ತೆ ಅಳೆಯಿರಿ.